ರಾತ್ರಿ ಕಾಲು ಸುಮ್ಮನಿರೋದಿಲ್ಲವೇ? ಊರಿನ ಮಾತ್ರೆ ಬ್ಯಾಗಿಗೆ ಹಾಕುವ ಮೊದಲು ಇದನ್ನು ಓದಿ

ಮುಂತಜಾದ ಹಳೇ ಕಟ್ಟಡಗಳಲ್ಲಿ ಒಂದು ರೂಮಿಗೆ ಆರು ಜನ ಇರೋದು ನಮ್ಮಲ್ಲಿ ಯಾರಿಗೂ ಹೊಸ ಮಾತಲ್ಲ. ಎರಡಂತಸ್ತಿನ ಕಬ್ಬಿಣದ ಮಂಚ, ಮೇಲಿನವನು ಹೊರಳಿದರೆ ಕೆಳಗಿನವನಿಗೆ ಎಚ್ಚರ. ಅಂಥ ರೂಮಿನಲ್ಲಿ ಒಬ್ಬನ ಕಾಲು ರಾತ್ರಿ ಸುಮ್ಮನಿರಲಿಲ್ಲ ಅಂದರೆ ಅದು ಅವನೊಬ್ಬನ ತೊಂದರೆಯಾಗಿ ಉಳಿಯುವುದಿಲ್ಲ. "ಮಾರಾಯಾ, ಒಂದು ಗಳಿಗೆ ಸುಮ್ನೆ ಮಲಗೋ" ಅಂತ ಮೇಲಿನಿಂದ ಬೈಗುಳ ಬೀಳುತ್ತದೆ. ಅವನು ಎದ್ದು ಹೋಗಿ ಮೆಟ್ಟಿಲ ಹತ್ತಿರ ಓಡಾಡುತ್ತಾನೆ. ಓಡಾಡಿದಷ್ಟು ಹೊತ್ತು ಆರಾಮ, ಬಂದು ಮಲಗಿದರೆ ಮತ್ತೆ ಶುರು. ಬೆಳಗಿನ ಜಾವ ಕಂಪನಿ ಬಸ್ಸು ಬಂದಾಗ ಅವನು ನಿದ್ದೆ ಮಾಡಿದ್ದು ಎರಡು ಗಂಟೆ.

ಇದಕ್ಕೆ ನಮ್ಮ ಕಡೆ ಒಂದು ಗೊತ್ತಾದ ಹೆಸರಿಲ್ಲ. ಒಬ್ಬರು ಸೆಳೆತ ಅಂತಾರೆ, ಒಬ್ಬರು ಜೋಮು ಅಂತಾರೆ, ಉತ್ತರ ಕರ್ನಾಟಕದ ಗೆಳೆಯರು "ಕಾಲು ಜಗ್ತಾವ್ರೀ" ಅಂತಾರೆ. ಇರುವೆ ಹರಿದ ಹಾಗೆ, ಎಲುಬಿನ ಒಳಗೆ ತುರಿಸಿದ ಹಾಗೆ ಅಂತ ಹೇಳುವವರೂ ಇದ್ದಾರೆ. ಡಾಕ್ಟರ್‌ಗಳು ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಅಂತ ಕರೆಯುತ್ತಾರೆ. ಗುರುತು ಹಿಡಿಯೋದು ಕಷ್ಟವಲ್ಲ. ಕಾಲು ಅಲುಗಾಡಿಸಲೇಬೇಕು ಅನ್ನುವ ತಡೆಯಲಾಗದ ಒತ್ತಡ ಬರಬೇಕು. ಅದು ಕೂತಾಗ, ಮಲಗಿದಾಗ ಹೆಚ್ಚಾಗಬೇಕು, ನಡೆದರೆ ಕಡಿಮೆಯಾಗಬೇಕು, ಹಗಲಿಗಿಂತ ಸಂಜೆ ಮತ್ತು ರಾತ್ರಿ ಜೋರಾಗಬೇಕು. ಮೀನಖಂಡ ಗಟ್ಟಿಯಾಗಿ ಹಿಡಿದುಕೊಂಡು ಕಿರುಚುವಷ್ಟು ನೋವಾಗುವುದು ಬೇರೆ, ಅದು ಸ್ನಾಯು ಹಿಡಿತ. ಬಿಸಿಲಲ್ಲಿ ಬೆವರಿ ದುಡಿಯುವವರಲ್ಲಿ ಅದೂ ಸಾಮಾನ್ಯ, ಆದರೆ ಅದರ ದಾರಿ ಬೇರೆ, ಔಷಧ ಬೇರೆ.

ಬೆಂಗಳೂರಿನಲ್ಲಿ ಮಾಡಿ 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ನೂರಕ್ಕೆ ಸುಮಾರು ಇಬ್ಬರಲ್ಲಿ ಈ ತೊಂದರೆ ಸಿಕ್ಕಿತ್ತು. ಅಂದರೆ ನೂರು ಜನರ ಕ್ಯಾಂಪಿನಲ್ಲಿ ಒಬ್ಬಿಬ್ಬರಾದರೂ ಇರಬಹುದು. ಅವರಲ್ಲಿ ಹೆಚ್ಚಿನವರು ಡಾಕ್ಟರ್ ಹತ್ತಿರ ಹೋಗುವುದಿಲ್ಲ. "ಕಾಲು ಓಡಾಡ್ತದೆ ಅಂತ ಹೇಳಿದ್ರೆ ನಗ್ತಾರೆ" ಅನ್ನುವ ನಾಚಿಕೆ ಒಂದು, ರಜೆ ಹಾಕಿದರೆ ಸಂಬಳ ಹೋಗುತ್ತದೆ ಅನ್ನುವುದು ಇನ್ನೊಂದು. ಆಮೇಲೆ ಊರಿಗೆ ಫೋನ್ ಹೋಗುತ್ತದೆ. ಊರಿನ ಮೆಡಿಕಲ್ ಶಾಪಿನಿಂದ ಒಂದು ಸ್ಟ್ರಿಪ್, ಮುಂದಿನ ವಾರ ಬರುವ ಹುಡುಗನ ಬ್ಯಾಗಿನಲ್ಲಿ. ಈ ಲೇಖನ ಬರೆಯಲು ಕಾರಣ ಆ ಸ್ಟ್ರಿಪ್.

ಹಳೇ ಮದ್ದು, ಹೊಸ ಎಚ್ಚರ

ಅಫೀಮು ಮೂಲದ ಔಷಧ ಈ ಕಾಲಿನ ತೊಂದರೆಗೆ ಕೆಲಸ ಮಾಡುತ್ತದೆ ಅನ್ನುವುದು ಸುಳ್ಳಲ್ಲ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಈ ರೋಗವನ್ನು ವರ್ಣಿಸಿದ್ದರು. ರಾತ್ರಿ ಮಲಗಿದರೆ ಕೈಕಾಲು ಎಗರಾಡಿ, ಚಿತ್ರಹಿಂಸೆ ಅನುಭವಿಸುವವರಂತೆ ನಿದ್ದೆ ಇಲ್ಲದೆ ಒದ್ದಾಡುವ ರೋಗಿಗಳಿಗೆ ಅವರು ಕೊಟ್ಟದ್ದು ಲಾಡನಮ್, ಅಂದರೆ ಅಫೀಮಿನ ದ್ರಾವಣ. ಮುಂದೆ 1940ರ ದಶಕದಲ್ಲಿ ಸ್ವೀಡನ್ನಿನ ನರವೈದ್ಯ ಕಾರ್ಲ್-ಆಕ್ಸೆಲ್ ಎಕ್‌ಬೊಮ್ ಇದನ್ನು ಸರಿಯಾಗಿ ಅಧ್ಯಯನ ಮಾಡಿ ಈಗಿನ ಹೆಸರು ಕೊಟ್ಟರು. ಹಾಗಾಗಿ ಕೆಲವು ಕಡೆ ಇದನ್ನು ವಿಲ್ಲಿಸ್-ಎಕ್‌ಬೊಮ್ ರೋಗ ಅಂತಲೂ ಬರೆಯುತ್ತಾರೆ.

ಈಗಿನ ವೈದ್ಯರೂ ಓಪಿಯಾಯ್ಡ್ ಔಷಧವನ್ನು ಪೂರ್ತಿ ಬಿಟ್ಟಿಲ್ಲ. ಯುರೋಪಿನಲ್ಲಿ ಸುಮಾರು 300 ರೋಗಿಗಳ ಮೇಲೆ ಆಕ್ಸಿಕೋಡೋನ್ ಮತ್ತು ನಾಲೊಕ್ಸೋನ್ ಜೊತೆಗೂಡಿಸಿದ ಮಾತ್ರೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಬೇರೆ ಔಷಧದಿಂದ ಗುಣ ಕಾಣದ ತೀವ್ರ ರೋಗಿಗಳಿಗೆ ಅದರಿಂದ ಗಣನೀಯ ಆರಾಮ ಸಿಕ್ಕಿತ್ತು. ಮೆಥಡೋನ್, ಬ್ಯುಪ್ರೆನಾರ್ಫಿನ್ ಕೂಡ ಕೆಲವು ದೇಶಗಳಲ್ಲಿ ಇದಕ್ಕೆ ಕೊಡುತ್ತಾರೆ. ಪ್ರಮಾಣ ಕ್ಯಾನ್ಸರ್ ನೋವಿಗೆ ಕೊಡುವುದಕ್ಕಿಂತ ಬಹಳ ಕಡಿಮೆ. ವರ್ಷಗಟ್ಟಲೆ ತೆಗೆದುಕೊಂಡವರಲ್ಲೂ ಹೆಚ್ಚಿನವರಿಗೆ ಪ್ರಮಾಣ ಏರಿಸುತ್ತಾ ಹೋಗಬೇಕಾಗಿ ಬಂದಿಲ್ಲ ಅಂತ ಅಮೆರಿಕದಲ್ಲಿ ಇಂಥ ರೋಗಿಗಳನ್ನು ಹಿಂಬಾಲಿಸಿ ನೋಡಿದ ವೈದ್ಯರು ಹೇಳುತ್ತಾರೆ. ಹಾಗಾಗಿ ಡಾಕ್ಟರ್ ಬರೆದುಕೊಟ್ಟು, ಲೆಕ್ಕ ಇಟ್ಟು, ಇದನ್ನು ತೆಗೆದುಕೊಳ್ಳುವ ರೋಗಿಯನ್ನು "ಅಮಲುಕೋರ" ಅಂತ ಕರೆಯೋದು ಅನ್ಯಾಯ. ಆ ಮಾತು ನಮ್ಮ ರೂಮುಗಳಲ್ಲಿ ಬಹಳ ಸಲೀಸಾಗಿ ಬರುತ್ತದೆ.

ಆದರೆ ಇದು ಸಾಲಿನ ಕೊನೆಯಲ್ಲಿ ನಿಂತಿರುವ ಔಷಧ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2025ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮೊದಲು ಹೇಳಿದ್ದು ಕಬ್ಬಿಣದ ಅಂಶ ಪರೀಕ್ಷೆ ಮಾಡಿ ಅಂತ. ಆಮೇಲೆ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಜಾತಿಯ ಔಷಧ. ಓಪಿಯಾಯ್ಡ್ ಬರುವುದು ಅದರಾಚೆ, ಅದೂ ಷರತ್ತಿನ ಮೇಲೆ. ಹಿಂದೆ ಎಲ್ಲರಿಗೂ ಬರೆದುಕೊಡುತ್ತಿದ್ದ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳನ್ನು ಈಗ ಮೊದಲ ಆಯ್ಕೆಯಾಗಿ ಕೊಡಬೇಡಿ ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ಮೊದಮೊದಲು ಜಾದೂ ಮಾಡಿದ ಹಾಗೆ ಗುಣ ಕಾಣುತ್ತದೆ, ಕೆಲವು ವರ್ಷ ಕಳೆದ ಮೇಲೆ ರಾತ್ರಿ ಹತ್ತಕ್ಕೆ ಬರುತ್ತಿದ್ದ ತೊಂದರೆ ಮಧ್ಯಾಹ್ನಕ್ಕೇ ಬರತೊಡಗುತ್ತದೆ, ಕಾಲಿನಿಂದ ಕೈಗೂ ಹಬ್ಬುತ್ತದೆ. ಊರಿನಿಂದ ಈ ಮಾತ್ರೆ ತರಿಸಿ ತಿನ್ನುತ್ತಿರುವವರು ಇದ್ದರೆ, ತೊಂದರೆ ಮೊದಲಿಗಿಂತ ಬೇಗ ಬರುತ್ತಿದೆಯೇ ಅಂತ ಗಮನಿಸಿ ಡಾಕ್ಟರ್‌ಗೆ ಹೇಳಿ. ತಾವಾಗಿ ಒಮ್ಮೆಲೇ ನಿಲ್ಲಿಸಬೇಡಿ.

ಓಪಿಯಾಯ್ಡ್‌ನ ತೊಂದರೆ ಎರಡು ಮಾತಿನಲ್ಲಿ: ಮಲಬದ್ಧತೆ ಗ್ಯಾರಂಟಿ, ತೂಕಡಿಕೆ ಬರಬಹುದು. ನಿದ್ದೆ ಮಾತ್ರೆ ಅಥವಾ ಸಾರಾಯಿ ಜೊತೆ ಸೇರಿದರೆ ಉಸಿರಾಟವೇ ನಿಲ್ಲಬಹುದು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರಿಗೆ ಅಪಾಯ ಇನ್ನೂ ಹೆಚ್ಚು. ಕ್ರೇನ್, ಫೋರ್ಕ್‌ಲಿಫ್ಟ್, ಲಿಮೋಸಿನ್ ಓಡಿಸುವವರು ಇದನ್ನು ಡಾಕ್ಟರ್ ಮುಂದೆ ಮೊದಲ ಮಾತಾಗಿ ಹೇಳಬೇಕು.

ಮೊದಲು ರಕ್ತ ಪರೀಕ್ಷೆ

ಈ ರೋಗದ ಬೇರು ಹೆಚ್ಚಿನವರಲ್ಲಿ ಮಿದುಳಿಗೆ ಸಿಗುವ ಕಬ್ಬಿಣದ ಅಂಶ ಕಡಿಮೆಯಾಗುವುದರಲ್ಲಿ ಇದೆ. ಇಲ್ಲೇ ಒಂದು ಗೊಂದಲ. ಹಿಮೋಗ್ಲೋಬಿನ್ ಸರಿಯಾಗಿದ್ದರೂ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ಅದನ್ನು ತೋರಿಸುವ ಪರೀಕ್ಷೆ ಫೆರಿಟಿನ್. ಲ್ಯಾಬ್ ರಿಪೋರ್ಟಿನಲ್ಲಿ 30 ಇದ್ದರೆ "ನಾರ್ಮಲ್" ಅಂತ ಬರೆದಿರಬಹುದು, ಕೆಲವು ಲ್ಯಾಬ್‌ಗಳಲ್ಲಿ ಅದಕ್ಕಿಂತ ಕಡಿಮೆ ಇದ್ದರೂ ಹಾಗೇ ಬರೆಯುತ್ತಾರೆ. ಆದರೆ ಕಾಲಿನ ಈ ತೊಂದರೆ ಇರುವವರಿಗೆ 75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಚಿಕಿತ್ಸೆ ಯೋಚಿಸಬೇಕು ಅನ್ನುವುದು ಈಗಿನ ಮಾರ್ಗಸೂಚಿ. ಹಾಗಾಗಿ "ಎಲ್ಲಾ ನಾರ್ಮಲ್ ಇದೆ" ಅಂದಾಗ ಸುಮ್ಮನೆ ಎದ್ದು ಬರಬೇಡಿ, ಫೆರಿಟಿನ್ ಎಷ್ಟು ಅಂತ ಸಂಖ್ಯೆ ಕೇಳಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಗಂಡಸರಿಗೆ ಕಬ್ಬಿಣ ಯಾಕೆ ಕಡಿಮೆಯಾಗುತ್ತದೆ ಅಂತ ಕೇಳಬಹುದು. ಮೂಲವ್ಯಾಧಿಯಿಂದ ರಕ್ತ ಹೋಗುತ್ತಿರುವವರು ಬಾಯಿ ಬಿಟ್ಟು ಹೇಳುವುದಿಲ್ಲ. ಬೆನ್ನುನೋವಿಗೆ ಅಂತ ದಿನಾ ಬ್ರುಫೆನ್, ವೊವೆರಾನ್ ನುಂಗುವವರ ಹೊಟ್ಟೆಯೊಳಗೆ ಹುಣ್ಣಾಗಿ ನಿಧಾನವಾಗಿ ರಕ್ತ ಸೋರಬಹುದು. ಆಮೇಲೆ ನಮ್ಮ ಪ್ರೀತಿಯ ಕರಕ್ ಚಹಾ. ಊಟದ ಜೊತೆಗೆ, ಊಟ ಆದ ಕೂಡಲೇ, ಸೈಟಿನಲ್ಲಿ ಎರಡು, ರೂಮಿಗೆ ಬಂದು ಒಂದು. ಚಹಾದ ಒಗರು ಅಂಶ ಊಟದಲ್ಲಿರುವ ಕಬ್ಬಿಣ ಹೀರಿಕೆಯಾಗದಂತೆ ತಡೆಯುತ್ತದೆ, ಅದರಲ್ಲಿರುವ ಕೆಫೀನ್ ರಾತ್ರಿ ಕಾಲನ್ನೂ ಕೆಣಕಬಹುದು. ಕರಕ್ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಊಟಕ್ಕೂ ಚಹಾಕ್ಕೂ ನಡುವೆ ಒಂದೆರಡು ಗಂಟೆ ಬಿಡಿ, ಸಂಜೆ ಮೇಲೆ ಬೇಡ, ಅಷ್ಟೇ.

ಕಬ್ಬಿಣದ ಮಾತ್ರೆಯನ್ನು ಡಾಕ್ಟರ್ ಬರೆದರೆ ನಿಂಬೆ ಶರಬತ್ತಿನ ಜೊತೆ ತೆಗೆದುಕೊಳ್ಳುವುದು ಒಳ್ಳೆಯದು. ದಿನ ಬಿಟ್ಟು ದಿನ ತೆಗೆದುಕೊಂಡರೂ ಸಾಕು ಅಂತ ಈಗ ಬಹಳ ವೈದ್ಯರು ಹೇಳುತ್ತಾರೆ, ಹೊಟ್ಟೆಗೂ ಹಿತ. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಒಂದು ವಾರ ತಿಂದು "ಏನೂ ಆಗ್ಲಿಲ್ಲ" ಅಂತ ಬಿಟ್ಟವರು ಬಹಳ. ಮಾತ್ರೆ ಹಿಡಿಸದವರಿಗೆ ರಕ್ತನಾಳಕ್ಕೆ ಹಾಕುವ ಕಬ್ಬಿಣದ ಡ್ರಿಪ್ ಇದೆ. ಪರೀಕ್ಷೆ ಮಾಡಿಸದೆ ಮಾತ್ರ ಕಬ್ಬಿಣ ತಿನ್ನಬೇಡಿ, ಕೆಲವರ ದೇಹದಲ್ಲಿ ಅದು ಹೆಚ್ಚಾಗಿ ಕೂತು ಲಿವರ್ ಹಾಳು ಮಾಡುತ್ತದೆ. ಕಿಡ್ನಿ ತೊಂದರೆ ಇರುವವರಲ್ಲೂ ಈ ಕಾಲಿನ ಕಾಟ ಸಾಮಾನ್ಯ, ಆದ್ದರಿಂದ ಆ ಪರೀಕ್ಷೆಯನ್ನೂ ಅದೇ ರಕ್ತದಲ್ಲಿ ಮಾಡಿಸಬಹುದು.

ಇನ್ನೊಂದು ವಿಷಯ, ಬಹಳ ಜನ ಗಮನಿಸದ್ದು. ಧೂಳಿನ ಅಲರ್ಜಿಗೆ ರಾತ್ರಿ ತಿನ್ನುವ ಅವಿಲ್, ಶೀತಕ್ಕೆ ಮತ್ತು ನಿದ್ದೆಗೆ ಅಂತ ತಿನ್ನುವ ಪನಡಾಲ್ ನೈಟ್‌ನಂಥ ಮಾತ್ರೆಗಳಲ್ಲಿ ಇರುವ ತೂಕಡಿಕೆ ತರುವ ಅಲರ್ಜಿ ಔಷಧವೇ ಕಾಲಿನ ತೊಂದರೆಯನ್ನು ಹೆಚ್ಚಿಸುತ್ತದೆ. ನಿದ್ದೆ ಬರಲಿ ಅಂತ ತಿಂದ ಮಾತ್ರೆ ನಿದ್ದೆ ಕೆಡಿಸುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಹೀಗೇ. ನನಗೆ ಅನಿಸುವ ಪ್ರಕಾರ ಹೊಸ ಮಾತ್ರೆ ಹುಡುಕುವ ಮೊದಲು ತಲೆದಿಂಬಿನ ಕೆಳಗೆ ಈಗಾಗಲೇ ಇರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿ ಡಾಕ್ಟರ್‌ಗೆ ತೋರಿಸುವುದೇ ಅರ್ಧ ಚಿಕಿತ್ಸೆ.

ಹಮದ್ ಏರ್‌ಪೋರ್ಟಿನಲ್ಲಿ ಆ ಸ್ಟ್ರಿಪ್

ಈಗ ಕಾನೂನಿನ ವಿಷಯ. ಖತಾರ್‌ನಲ್ಲಿ ಮಾದಕ ವಸ್ತು ಮತ್ತು ಅಪಾಯಕಾರಿ ಮನೋಪ್ರಭಾವಿ ಔಷಧಗಳಿಗೆ ಸಂಬಂಧಿಸಿದ್ದು 1987ರ 9ನೇ ಸಂಖ್ಯೆಯ ಕಾನೂನು. ಊರಿನಲ್ಲಿ ಡಾಕ್ಟರ್ ಚೀಟಿಯ ಮೇಲೆ ಸಲೀಸಾಗಿ ಸಿಗುವ ಎಷ್ಟೋ ಮಾತ್ರೆಗಳು ಇಲ್ಲಿ ಆ ಹಿಡಿತದ ಒಳಗೆ ಬರುತ್ತವೆ. ದೋಹಾದ ಭಾರತೀಯ ರಾಯಭಾರ ಕಚೇರಿ ಪ್ರಯಾಣಿಕರಿಗೆ ಹೊರಡಿಸಿದ ಎಚ್ಚರಿಕೆಯಲ್ಲಿ ಹೆಸರು ಹಿಡಿದೇ ಹೇಳಿದೆ: ಲಿರಿಕಾ, ಅಂದರೆ ಪ್ರಿಗ್ಯಾಬಲಿನ್, ಟ್ರಮಡಾಲ್, ಕೋಡೀನ್, ಮೆಥಡೋನ್, ಅಲ್ಪ್ರಜೋಲಮ್, ಡಯಜೆಪಾಮ್, ಕ್ಲೊನಜೆಪಾಮ್, ಜೋಲ್ಪಿಡೆಮ್.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ರಾತ್ರಿ ಕಾಲಿನ ತೊಂದರೆಗೆ, ನಿದ್ದೆ ಇಲ್ಲದ್ದಕ್ಕೆ ಊರಿನ ಡಾಕ್ಟರ್ ಬರೆದುಕೊಡುವ ಮಾತ್ರೆಗಳಲ್ಲಿ ಹೆಚ್ಚಿನವು ಇದರಲ್ಲೇ ಇವೆ. ಅಲ್ಟ್ರಾಸೆಟ್ ಅಂದರೆ ಬರೀ ನೋವಿನ ಮಾತ್ರೆ ಅಂತ ತಿಳಿದವರಿದ್ದಾರೆ, ಅದರಲ್ಲಿ ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಇದೆ. ಆಲ್‌ಪ್ರಾಕ್ಸ್, ರೆಸ್ಟಿಲ್ ಅಂದರೆ ಅಲ್ಪ್ರಜೋಲಮ್. ಎಲ್ಲಕ್ಕಿಂತ ಮೋಸ ಹೋಗುವುದು "ನರದ ವಿಟಮಿನ್" ಮಾತ್ರೆಯಲ್ಲಿ. ಊರಿನಲ್ಲಿ ಸೊಂಟನೋವು, ಕಾಲುಜೋಮು ಅಂದರೆ ಸಾಕು, ಮೀಥೈಲ್‌ಕೋಬಾಲಮಿನ್ ಅನ್ನುವ ಬಿ12 ವಿಟಮಿನ್ ಜೊತೆ ಪ್ರಿಗ್ಯಾಬಲಿನ್ ಸೇರಿಸಿದ ಕ್ಯಾಪ್ಸೂಲ್ ಬರೆದುಕೊಡುತ್ತಾರೆ. ಮನೆಯವರು "ವಿಟಮಿನ್ ಕಣೋ, ಏನಾಗಲ್ಲ" ಅಂತ ಚಕ್ಕುಲಿ ಡಬ್ಬದ ಪಕ್ಕ ಇಟ್ಟು ಕಳಿಸುತ್ತಾರೆ. ಕಸ್ಟಮ್ಸ್‌ನವರು ನೋಡುವುದು ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದ ಔಷಧದ ಹೆಸರನ್ನು. ನೀವೂ ಅದನ್ನೇ ನೋಡಿ. ಅಕ್ಷರ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ.

ನಮ್ಮ ದೇಶದಲ್ಲೂ ಇದು ಹಗುರವಾದ ವಿಷಯವಲ್ಲ. ಟ್ರಮಡಾಲ್ 2018ರಿಂದ ಎನ್‌ಡಿಪಿಎಸ್ ಕಾಯ್ದೆಯ ಒಳಗೆ ಬಂದಿದೆ. ಚೀಟಿ ಇಲ್ಲದೆ ಅದನ್ನು ಕೈಗೆ ಕೊಡುವ ಅಂಗಡಿ ನಿಮಗೆ ಉಪಕಾರ ಮಾಡುತ್ತಿಲ್ಲ.

ಬೇರೆಯವರಿಗಾಗಿ ಔಷಧ ಹೊತ್ತು ತರಬೇಡಿ ಅಂತ ರಾಯಭಾರ ಕಚೇರಿ ಹೇಳುವುದಕ್ಕೆ ಕಾರಣ ಇದೆ. 2019ರ ಜುಲೈಯಲ್ಲಿ ದೋಹಾಕ್ಕೆ ಬಂದಿಳಿದ ಮುಂಬೈನ ಗಂಡ ಹೆಂಡತಿಯ ಲಗೇಜಿನಲ್ಲಿ ನಾಲ್ಕು ಕಿಲೋ ಚರಸ್ ಸಿಕ್ಕಿದ ಕಥೆ ನಮ್ಮಲ್ಲಿ ಬಹಳ ಜನರಿಗೆ ನೆನಪಿರಬಹುದು. ಸಂಬಂಧಿಕರೊಬ್ಬರು ಕೊಟ್ಟ ಪೊಟ್ಟಣ ಅದು. ಇಬ್ಬರಿಗೂ ಹತ್ತು ವರ್ಷ ಶಿಕ್ಷೆಯಾಯಿತು, ಮಗು ಜೈಲಿನಲ್ಲೇ ಹುಟ್ಟಿತು. ಊರಿನಲ್ಲಿ ತನಿಖೆಯಾಗಿ, ಮೇಲಿನ ಕೋರ್ಟಿನಲ್ಲಿ ನಿರಪರಾಧಿಗಳೆಂದು ಬಿಡುಗಡೆಯಾಗಿ ಮನೆ ಸೇರುವಷ್ಟರಲ್ಲಿ 2021ರ ಏಪ್ರಿಲ್. ಅದು ಚರಸ್, ಮಾತ್ರೆಯಲ್ಲ, ನಿಜ. ಆದರೆ "ನನಗೆ ಗೊತ್ತಿರಲಿಲ್ಲ" ಅನ್ನುವ ಮಾತು ಸಾಬೀತಾಗಲು ಎಷ್ಟು ಕಾಲ ಬೇಕಾಯಿತು ಅನ್ನುವುದನ್ನು ನೋಡಿ. ನಮ್ಮ ಕಾಲುನೋವಿಗೆ ಊರಿನ ಹುಡುಗನ ಕೈಯಲ್ಲಿ ಸ್ಟ್ರಿಪ್ ತರಿಸುವಾಗ ಆ ಹುಡುಗನ ವೀಸಾ, ಅವನ ಅಪ್ಪ ಮಾಡಿದ ಸಾಲ, ಎಲ್ಲವನ್ನೂ ಆ ಬ್ಯಾಗಿನಲ್ಲಿ ಇಡುತ್ತಿದ್ದೇವೆ.

ಸ್ವಂತ ಬಳಕೆಗೆ ಬೇರೆ ಔಷಧ ತರುವವರು 30 ದಿನಕ್ಕೆ ಮೀರದಷ್ಟು, ಆಸ್ಪತ್ರೆಯ ಚೀಟಿ ಮತ್ತು ರಿಪೋರ್ಟಿನ ಸಮೇತ ತನ್ನಿ ಅನ್ನುವುದು ಸಾಮಾನ್ಯ ಸೂಚನೆ. ಮೇಲೆ ಹೇಳಿದ ಪಟ್ಟಿಯ ಔಷಧವನ್ನು ನಿಜವಾಗಿಯೂ ತೆಗೆದುಕೊಳ್ಳುತ್ತಿರುವವರು ಟಿಕೆಟ್ ತೆಗೆಯುವ ಮೊದಲೇ ಇಲ್ಲಿನ ಸಾರ್ವಜನಿಕ ಆರೋಗ್ಯ ಸಚಿವಾಲಯದ ನಿಯಮ ವಿಚಾರಿಸಬೇಕು, ಊರಿನ ಡಾಕ್ಟರ್ ಜೊತೆ ಬದಲಿ ಔಷಧದ ಬಗ್ಗೆ ಮಾತಾಡಬೇಕು. ದುಬೈ ಮೂಲಕ ಬರುವವರು ಇನ್ನೊಂದು ನೆನಪಿಡಿ: ಯುಎಇಯಲ್ಲಿ ನಿಯಂತ್ರಿತ ಔಷಧಕ್ಕೆ ಮೊದಲೇ ಆನ್‌ಲೈನ್ ಅನುಮತಿ ಬೇಕು.

ಇಲ್ಲಿಯೇ ಡಾಕ್ಟರ್ ನೋಡುವುದು

ಮುಂತಜಾದಲ್ಲೇ ಸರ್ಕಾರಿ ಹೆಲ್ತ್ ಸೆಂಟರ್ ಇದೆ. ಒಂಟಿಯಾಗಿರುವ ಕಾರ್ಮಿಕರಿಗೆ ಅಂತಲೇ ಪಕ್ಕದ ಫರೀಜ್ ಅಬ್ದುಲ್ ಅಜೀಜ್‌ನಲ್ಲಿ ಕಾರ್ಮಿಕರ ಆರೋಗ್ಯ ಕೇಂದ್ರ ಇದೆ. ನಿಮ್ಮ ಹೆಲ್ತ್ ಕಾರ್ಡ್ ಯಾವ ಕೇಂದ್ರಕ್ಕೆ ಸೇರಿದೆ, ಅವಧಿ ಮುಗಿದಿದೆಯೇ ಅಂತ ಇವತ್ತೇ ನೋಡಿ, ಜ್ವರ ಬಂದ ದಿನ ನೋಡುವುದಲ್ಲ. ಅಲ್ಲಿನ ಡಾಕ್ಟರ್‌ಗೆ ಬೇಕೆನಿಸಿದರೆ ಹಮದ್ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಕಳಿಸುತ್ತಾರೆ. ನಿಯಂತ್ರಿತ ಔಷಧ ಬೇಕಾದವರಿಗೆ ಅದು ಕಾನೂನುಬದ್ಧವಾಗಿ ಸಿಗುವ ದಾರಿ ಇದು. ಕಾಯಬೇಕಾಗುತ್ತದೆ, ಅದರಲ್ಲಿ ಅನುಮಾನ ಇಲ್ಲ.

ಡಾಕ್ಟರ್ ಮುಂದೆ ಹೇಗೆ ಹೇಳುವುದು ಅನ್ನುವುದೇ ಹಲವರ ಚಿಂತೆ. "ಕಾಲು ನೋವು" ಅಂತ ಮಾತ್ರ ಹೇಳಿದರೆ ಮುಲಾಮು ಮತ್ತು ಪನಡಾಲ್ ಹಿಡಿದು ಹೊರಗೆ ಬರುತ್ತೀರಿ. "ರೆಸ್ಟ್‌ಲೆಸ್ ಲೆಗ್ಸ್" ಅನ್ನುವ ಎರಡು ಶಬ್ದ ಬಾಯಿಪಾಠ ಮಾಡಿಕೊಳ್ಳಿ. ಎಷ್ಟು ಗಂಟೆಗೆ ಶುರುವಾಗುತ್ತದೆ, ವಾರದಲ್ಲಿ ಎಷ್ಟು ರಾತ್ರಿ, ನಡೆದರೆ ಕಡಿಮೆಯಾಗುತ್ತದೆಯೇ, ಮನೆಯಲ್ಲಿ ಅಮ್ಮನಿಗೋ ಅಣ್ಣನಿಗೋ ಇದೆಯೇ (ಇದು ಮನೆತನದಲ್ಲಿ ಬರುವುದುಂಟು), ಈಗ ಯಾವ ಮಾತ್ರೆ ತಿನ್ನುತ್ತಿದ್ದೀರಿ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಿಂದಿ ಅಥವಾ ಮಲಯಾಳಂ ಬಲ್ಲ ನರ್ಸ್ ಸಿಗುವುದು ಇಲ್ಲಿ ಕಷ್ಟವಲ್ಲ. ಭಾಷೆ ಬಾರದವರ ಜೊತೆ ರೂಮಿನವರೊಬ್ಬರು ಹೋದರೆ ಒಳ್ಳೆಯದು.

ಕೊನೆಯದಾಗಿ ಟ್ರಮಡಾಲ್ ವಿಷಯ, ಯಾಕೆಂದರೆ ಇದನ್ನು ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ಬೆನ್ನುನೋವಿಗೆ ಅಂತ ಶುರು ಮಾಡಿ, ಆಮೇಲೆ ಅದಿಲ್ಲದೆ ಡ್ಯೂಟಿ ಆಗುವುದಿಲ್ಲ ಅನ್ನುವ ಸ್ಥಿತಿಗೆ ಬಂದವರು ಇರುತ್ತಾರೆ. ಸ್ಟ್ರಿಪ್ ಮುಗಿದ ಮಾರನೇ ದಿನ ಬೆವರು, ಭೇದಿ, ಆಕಳಿಕೆ, ಜೊತೆಗೆ ರಾತ್ರಿಯಿಡೀ ಕಾಲು ಎಗರಾಟ ಶುರುವಾಗುತ್ತದೆ. ಅದು ಔಷಧ ಒಮ್ಮೆಲೇ ನಿಂತದ್ದರ ಲಕ್ಷಣ. ಈ ಜಾತಿಯ ಔಷಧಗಳಲ್ಲಿ ಟ್ರಮಡಾಲ್ ಮಾತ್ರ ದೀರ್ಘಕಾಲ ತೆಗೆದುಕೊಂಡರೆ ಕಾಲಿನ ತೊಂದರೆಯನ್ನು ತಾನೇ ಹೆಚ್ಚಿಸಿದ ಉದಾಹರಣೆಗಳೂ ವೈದ್ಯರ ದಾಖಲೆಯಲ್ಲಿವೆ. ಮಾತ್ರೆ ಒಮ್ಮೆಲೇ ಬಿಟ್ಟರೆ ಈ ಕಾಟ, ಹೆಚ್ಚು ತಿಂದರೆ ಫಿಟ್ಸ್ ಬರಬಹುದು. ಅಂಥವರು ಇನ್ನೊಂದು ಸ್ಟ್ರಿಪ್ ಹುಡುಕುವ ಬದಲು ಡಾಕ್ಟರ್ ಹತ್ತಿರ ಹೋಗಬೇಕು, ಸ್ವಲ್ಪ ಸ್ವಲ್ಪವಾಗಿ ಇಳಿಸುವ ಕ್ರಮ ಇದೆ. ಒಬ್ಬರೇ ಹೋಗಲು ಹೆದರಿಕೆಯಾದರೆ ರಾಯಭಾರ ಕಚೇರಿಯ ಆಶ್ರಯದಲ್ಲಿರುವ ಐಸಿಬಿಎಫ್ ಅನ್ನು ಸಂಪರ್ಕಿಸಿ ದಾರಿ ಕೇಳಬಹುದು.

ಬೇಸಿಗೆಯ ದಿನಗಳಿಗೆ ಒಂದು ಮಾತು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆವರೆಗೆ ಬಿಸಿಲಿನ ಕೆಲಸ ನಿಷೇಧ ಇರುವುದರಿಂದ ಬಹಳ ಕಂಪನಿಗಳಲ್ಲಿ ಡ್ಯೂಟಿ ನಸುಕಿಗೇ ಶುರುವಾಗುತ್ತದೆ. ಕಾಲಿನ ತೊಂದರೆ ಜೋರಾಗುವುದು ರಾತ್ರಿಯ ಮೊದಲ ಅರ್ಧದಲ್ಲಿ, ಅಂದರೆ ಇರುವ ನಿದ್ದೆಯೂ ಅಲ್ಲೇ ಹೋಗುತ್ತದೆ. ಆ ತಿಂಗಳುಗಳಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಮಲಗಿದವನನ್ನು ರೂಮಿನವರು ಎಬ್ಬಿಸಬೇಡಿ. ಮೆಟ್ಟಿಲ ಹತ್ತಿರದ ಕೆಳಗಿನ ಮಂಚವನ್ನು ಅವನಿಗೆ ಬಿಟ್ಟುಕೊಡಿ. ಮಲಗುವ ಮೊದಲು ಹದ ಬಿಸಿನೀರಿನಲ್ಲಿ ಕಾಲು ಇಟ್ಟುಕೊಂಡು, ಮೀನಖಂಡ ಗಟ್ಟಿಯಾಗಿ ತಿಕ್ಕಿದರೆ ಹಲವರಿಗೆ ಒಂದೆರಡು ಗಂಟೆಯ ನಿದ್ದೆ ಸಿಗುತ್ತದೆ, ಬಕೆಟ್ ಖಾಲಿ ಇದ್ದಾಗ ಕೊಡಿ.